ನಾಲ್ಕು ಆ್ಯಪ್ ಆಯ್ತು, ಐದನೆಯದು ಯಾವುದು?

ಪ್ರಶ್ನೆ: ಮಾಡಬೇಕಾದ ಕೆಲಸ ಬರೆದಿಟ್ಟುಕೊಳ್ಳಲು ಎರಡು ವರ್ಷದಲ್ಲಿ ನಾಲ್ಕು ಆ್ಯಪ್ ಹಾಕಿಕೊಂಡೆ. ಪ್ರತಿಯೊಂದೂ ಹದಿನೈದು ದಿನ ಚೆನ್ನಾಗಿ ನಡೆಯುತ್ತದೆ, ಆಮೇಲೆ ತೆರೆಯುವುದೇ ಇಲ್ಲ. ನನಗೆ ಬೇಕಿರುವುದು ಇಷ್ಟೇ: ಬರೆಯಬೇಕು, ಹೊತ್ತಿಗೆ ಸರಿಯಾಗಿ ನೆನಪಿಸಬೇಕು, ಮುಗಿದ ಮೇಲೆ ಟಿಕ್ ಹಾಕಬೇಕು. ಮನೆಗೆ ತರಬೇಕಾದ ಸಾಮಾನಿನ ಪಟ್ಟಿ ಮಾತ್ರ ನಾನೂ ನನ್ನ ಹೆಂಡತಿಯೂ ಇಬ್ಬರೂ ನೋಡುವಂತಿರಬೇಕು. ನನ್ನದು ಆಂಡ್ರಾಯ್ಡ್, ಅವಳದು ಐಫೋನ್. ಕೊನೆಯ ಆ್ಯಪನ್ನು ಬಿಟ್ಟದ್ದು, ಒಂದು ಮುಖ್ಯ ಕೆಲಸವನ್ನು ಅದು ಅರ್ಧ ದಿನ ತಡವಾಗಿ ನೆನಪಿಸಿತು ಅಂತ. ದುಡ್ಡು ಕೊಟ್ಟು ಕೊಳ್ಳುವುದು ಸದ್ಯಕ್ಕೆ ಬೇಡ. ಯಾವುದು ಹಾಕಿಕೊಳ್ಳಲಿ?

ಉತ್ತರ: ಕಾಯಿಸುವುದು ಬೇಡ, ಹೆಸರು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಷರತ್ತುಗಳಿಗೆಲ್ಲ ಹೊಂದುವುದು ಮೈಕ್ರೋಸಾಫ್ಟ್ ಟು ಡೂ. ಆಂಡ್ರಾಯ್ಡ್‌ನಲ್ಲೂ ಇದೆ, ಐಫೋನ್‌ನಲ್ಲೂ ಇದೆ, ದುಡ್ಡು ಕೇಳುವುದಿಲ್ಲ. ಒಂದು ಪಟ್ಟಿಯನ್ನು ಮಾತ್ರ ಆರಿಸಿ ಇನ್ನೊಬ್ಬರ ಜೊತೆ ಹಂಚಿಕೊಳ್ಳಬಹುದು, ಉಳಿದ ಪಟ್ಟಿಗಳು ನಿಮ್ಮವೇ ಆಗಿರುತ್ತವೆ. ಇಬ್ಬರಿಗೂ ಒಂದೊಂದು ಮೈಕ್ರೋಸಾಫ್ಟ್ ಖಾತೆ ಬೇಕು, ಅಷ್ಟೇ.

ಆದರೆ ಇಷ್ಟಕ್ಕೇ ಮುಗಿಸಿದರೆ ಇನ್ನಾರು ತಿಂಗಳಿಗೆ "ಆರನೆಯದು ಯಾವುದು" ಅಂತ ಮತ್ತೆ ಕೇಳುತ್ತೀರಿ. ನಾಲ್ಕಕ್ಕೆ ನಾಲ್ಕೂ ಕೆಟ್ಟ ಆ್ಯಪ್‌ಗಳೇ ನಿಮಗೆ ಸಿಕ್ಕಿರಲಾರವು. ನಿಮ್ಮ ತಲೆ ಅವನ್ನು ನಂಬಲಿಲ್ಲ ಅಂತ ನನ್ನ ಅಂದಾಜು. ಬರೆದಿಟ್ಟ ಮೇಲೂ "ಇದು ನೆನಪಿಸದೇ ಹೋದರೆ?" ಅಂತ ತಲೆ ತನ್ನ ಪಾಡಿಗೆ ತಾನೂ ನೆನಪಿಟ್ಟುಕೊಳ್ಳುತ್ತಾ ಇರುತ್ತದೆ. ಒಂದೇ ಕೆಲಸಕ್ಕೆ ಎರಡು ಕಡೆ ಲೆಕ್ಕ. ಹದಿನೈದು ದಿನ ಹೀಗೆ ನಡೆದ ಮೇಲೆ, ಹೇಗಿದ್ದರೂ ತಲೆಯಲ್ಲಿ ಇದೆಯಲ್ಲ, ಆ್ಯಪ್ ಯಾಕೆ ಅನ್ನಿಸುತ್ತದೆ. ಬಿಟ್ಟುಬಿಡುತ್ತೀರಿ.

ತಲೆ ಈ ಲೆಕ್ಕವನ್ನು ನಿಜವಾಗಿ ಕೈಬಿಟ್ಟಾಗ ಏನಾಗುತ್ತದೆ ಅಂತ ನೋಡಿದವರಿದ್ದಾರೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕಲ್ ಸ್ಕಲ್ಲಿನ್ ಮತ್ತು ಅವರ ಜೊತೆಗಾರರು 57 ಮಂದಿ ಯುವಜನರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ಮಲಗುವ ಮುಂಚೆ 5 ನಿಮಿಷ, ಒಂದು ಗುಂಪು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆಯಿತು, ಇನ್ನೊಂದು ಗುಂಪು ಆಗಲೇ ಮುಗಿಸಿದ ಕೆಲಸಗಳನ್ನು. ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ಅದರಲ್ಲೂ ಬಿಡಿಬಿಡಿಸಿ, ಸ್ಪಷ್ಟವಾಗಿ ಬರೆದವರಿಗೆ ಇನ್ನೂ ಬೇಗ. ಸಣ್ಣ ಪ್ರಯೋಗ, ಒಂದೇ ರಾತ್ರಿಯದು, ಸರಿ. ಆದರೂ ಈ "ಬಿಡಿಸಿ ಬರೆಯುವುದು" ಅನ್ನುವ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ತಡವಾದ ಗಂಟೆಯ, ಅಂದರೆ ರಿಮೈಂಡರಿನ ವಿಷಯ. ಅದು ಆ್ಯಪ್‌ನ ತಪ್ಪಲ್ಲದೆ ಇರಬಹುದು. ಒಂದು ಪ್ರಶ್ನೆ ಕೇಳುತ್ತೇನೆ: ಆ ರಿಮೈಂಡರ್ ಬಂದದ್ದು ನೀವು ಫೋನ್ ಕೈಗೆತ್ತಿಕೊಂಡ ಗಳಿಗೆಯಲ್ಲೇ ಅಲ್ವಾ? ಹಾಗಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ಏರ್ಪಾಡು ಇದೆ. ಚಾರ್ಜಿಗೆ ಹಾಕಿರದ ಫೋನ್ ಮೇಜಿನ ಮೇಲೆ ಅಲುಗಾಡದೆ, ಪರದೆ ಆರಿಸಿಕೊಂಡು ಬಿದ್ದಿದ್ದರೆ ಬ್ಯಾಟರಿ ಉಳಿಸಲು ಅದು ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನು ತಡೆಹಿಡಿಯುತ್ತದೆ. ಎಲ್ಲವನ್ನೂ ಗುಡ್ಡೆ ಹಾಕಿಟ್ಟು, ಆಗೊಮ್ಮೆ ಈಗೊಮ್ಮೆ ಬಾಗಿಲು ತೆರೆದು ಒಟ್ಟಿಗೆ ಬಿಡುತ್ತದೆ. ನೀವು ಪರದೆ ಬೆಳಗಿಸಿದ ತಕ್ಷಣ ತಡೆ ತೆರವಾಗುತ್ತದೆ, ಬಾಕಿ ಇದ್ದದ್ದೆಲ್ಲ ಧುಮುಕುತ್ತದೆ. ಸಮಯಕ್ಕೆ ಸರಿಯಾಗಿ ಹೊಡೆಯಬೇಕಾದ ಗಂಟೆಗಳಿಗೆ ಆಂಡ್ರಾಯ್ಡ್ ಬೇರೆ ದಾರಿ ಕೊಟ್ಟಿದೆ. ಆದರೆ ಆ್ಯಪ್ ಆ ದಾರಿ ಹಿಡಿಯಬೇಕು, ನೀವು ಅದಕ್ಕೆ ಅನುಮತಿ ಕೊಡಬೇಕು. ಇದರ ಮೇಲೆ ಕೆಲವು ಫೋನ್ ತಯಾರಕರು ತಮ್ಮದೇ ಬ್ಯಾಟರಿ ಉಳಿತಾಯವನ್ನೂ ಸೇರಿಸುತ್ತಾರೆ. ಅದು ಇನ್ನೂ ಕಟ್ಟುನಿಟ್ಟು.

ನನಗೂ ಹೀಗೇ ಆಗಿತ್ತು. ಹಳೆಯ ಫೋನೊಂದರಲ್ಲಿ ಬೆಳಿಗ್ಗೆ ಏಳೂವರೆಗೆ "ಕನ್ನಡಕ ತರಲು ಇವತ್ತೇ ಕೊನೇ ದಿನ, ರಸೀದಿ ಜೇಬಿಗೆ ಹಾಕಿಕೊ" ಅಂತ ಹಾಕಿದ್ದೆ. ಫೋನ್ ರಾತ್ರಿ ಮೇಜಿನ ಮೇಲೆ ಇಟ್ಟ ಜಾಗದಲ್ಲೇ ಇತ್ತು. ಹನ್ನೊಂದು ದಾಟಿದ ಮೇಲೆ ಯಾರಿಗೋ ಫೋನ್ ಮಾಡೋಣ ಅಂತ ಎತ್ತಿಕೊಂಡೆ. ಟಣ್ ಅಂತ ಬಂತು, ಏನೂ ಆಗಿಲ್ಲ ಅನ್ನುವ ಹಾಗೆ. ಆ್ಯಪನ್ನು ಬೈದು ತೆಗೆದುಹಾಕಿದೆ. ಬೇರೆ ಆ್ಯಪ್ ಹಾಕಿದೆ. ಅದೂ ಹಾಗೇ ಮಾಡಿತು. ಮೂರನೆಯದಕ್ಕೆ ಬುದ್ಧಿ ಬಂತು.

ಹಾಗಾಗಿ ಟು ಡೂ ಹಾಕಿಕೊಂಡ ದಿನವೇ ಮೂರು ಜಾಗಕ್ಕೆ ಹೋಗಿ ಬನ್ನಿ. ಮೊದಲನೆಯದು ನೋಟಿಫಿಕೇಶನ್ ಅನುಮತಿ. 2022ರ ಆಂಡ್ರಾಯ್ಡ್ 13ರಿಂದ ಈಚೆಗೆ ಹೊಸ ಆ್ಯಪ್ ನಿಮ್ಮನ್ನು ಕೇಳದೆ ನೋಟಿಫಿಕೇಶನ್ ತೋರಿಸುವ ಹಾಗಿಲ್ಲ. ಮೊದಲ ಸಲ ತೆರೆದಾಗ ಅವಸರದಲ್ಲಿ "ಬೇಡ" ಒತ್ತಿದ್ದರೆ ಕಥೆ ಅಲ್ಲಿಗೇ ಮುಗಿಯಿತು, ಆಮೇಲೆ ಅದು ಬಾಯಿ ಬಿಡುವುದೇ ಇಲ್ಲ. ಎರಡನೆಯದು ಬ್ಯಾಟರಿ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪುಟಕ್ಕೆ ಹೋಗಿ, ಬ್ಯಾಟರಿ ಅನ್ನುವಲ್ಲಿ ನಿರ್ಬಂಧ ಇಲ್ಲದ ಆಯ್ಕೆಯನ್ನು ಒತ್ತಿ. ಪಟ್ಟಿಯ ಆ್ಯಪ್‌ನಿಂದ ಬ್ಯಾಟರಿಗೆ ಬೀಳುವ ಹೊರೆ ಜುಜುಬಿ, ಹೆದರಬೇಡಿ. ಮೂರನೆಯದು ಸ್ವಲ್ಪ ಒಳಗೆ ಅಡಗಿರುತ್ತದೆ: ವಿಶೇಷ ಅನುಮತಿಗಳ ಪಟ್ಟಿಯಲ್ಲಿ "ಅಲಾರಂ ಮತ್ತು ರಿಮೈಂಡರ್" ಅಂತ ಇರುತ್ತದೆ. ಆಂಡ್ರಾಯ್ಡ್ 14ರಿಂದ ಗಡಿಯಾರ, ಕ್ಯಾಲೆಂಡರ್ ತರಹದ ಆ್ಯಪ್‌ಗಳನ್ನು ಬಿಟ್ಟು ಹೊಸದಾಗಿ ಹಾಕಿದ ಬಹುತೇಕ ಆ್ಯಪ್‌ಗಳಿಗೆ ಇದು ತಾನಾಗಿ ಸಿಗುವುದಿಲ್ಲ. ನಿಮ್ಮ ಆ್ಯಪಿನ ಹೆಸರು ಅಲ್ಲಿ ಕಂಡರೆ ಆನ್ ಮಾಡಿ. ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಆ ಅನುಮತಿ ಕೇಳಿಲ್ಲ ಅಂತ ಅರ್ಥ.

ಇನ್ನೊಂದು ಅಭ್ಯಾಸ ಹಲವರಿಗಿದೆ, ನಿಮಗೂ ಇರಬಹುದು. ಫೋನ್ ಚುರುಕಾಗಲಿ ಅಂತ ತೆರೆದ ಆ್ಯಪ್‌ಗಳನ್ನೆಲ್ಲ ಒಂದೇ ಸಲ ಒರೆಸಿ ಹಾಕುವುದು. ಮಾಮೂಲಿಯಾಗಿ ಇದರಿಂದ ರಿಮೈಂಡರ್‌ಗೆ ಏನೂ ಆಗಬಾರದು. ಆದರೆ ಕೆಲವು ಫೋನ್‌ಗಳಲ್ಲಿ ಹಾಗೆ ಒರೆಸಿದರೆ ಆ್ಯಪ್ ಪೂರ್ತಿ ಮಲಗಿಬಿಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ "ಫೋರ್ಸ್ ಸ್ಟಾಪ್" ಒತ್ತಿದರಂತೂ ಯಾವ ಫೋನಿನಲ್ಲಾದರೂ ಸರಿ, ಹಾಕಿಟ್ಟ ಅಲಾರಂಗಳೆಲ್ಲ ರದ್ದಾಗುತ್ತವೆ. ನೀವೇ ಮತ್ತೆ ಆ್ಯಪ್ ತೆರೆಯುವ ತನಕ ಅದಕ್ಕೆ ಜೀವ ಬರುವುದಿಲ್ಲ. ನಿಮ್ಮ ಹೆಂಡತಿಯ ಐಫೋನ್‌ನಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ನೋಡಬೇಕಾದ್ದು ಫೋಕಸ್ (ನೋಟಿಫಿಕೇಶನ್‌ಗಳನ್ನು ಸದ್ದಿಲ್ಲದೆ ತಡೆದಿಡುವ ಏರ್ಪಾಡು) ಮತ್ತು ನೋಟಿಫಿಕೇಶನ್ ಸಾರಾಂಶ (ಅವನ್ನು ಒಟ್ಟು ಮಾಡಿ ಗೊತ್ತಾದ ಹೊತ್ತಿಗೆ ತೋರಿಸುವುದು) ಎರಡೇ. ಸಾರಾಂಶದ ಪಟ್ಟಿಯಲ್ಲಿ ಈ ಆ್ಯಪ್ ಸೇರಿದ್ದರೆ ಗಂಟೆಗಳು ಸಂಜೆಯ ಕಂತೆಯಲ್ಲಿ ಬರಬಹುದು.

ಗಂಟೆಯ ಮಾತು ಬಂದಾಗ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ಟು ಡೂನಲ್ಲಿ ಒಂದು ಕೆಲಸಕ್ಕೆ ಎರಡು ಬೇರೆ ಬೇರೆ ದಿನಾಂಕ ಕೊಡಬಹುದು. ಒಂದು ಗಡುವು, ಅಂದರೆ ಡ್ಯೂ ಡೇಟ್. ಇನ್ನೊಂದು ನೆನಪಿಸುವ ಸಮಯ, ರಿಮೈಂಡ್ ಮಿ. ಬರೀ ಗಡುವು ಹಾಕಿದರೆ ಅದು ಪಟ್ಟಿಯಲ್ಲಿ ಕಾಣುತ್ತದೆ, ತಡವಾದರೆ ಕೆಂಪಾಗುತ್ತದೆ, ಆದರೆ ಗಂಟೆ ಹೊಡೆಯುವುದಿಲ್ಲ. ಗಂಟೆ ಬೇಕು ಅಂದರೆ ರಿಮೈಂಡ್ ಮಿ ಹಾಕಲೇಬೇಕು. "ಆ್ಯಪ್ ನೆನಪಿಸಲೇ ಇಲ್ಲ" ಅಂತ ನನ್ನ ಹತ್ತಿರ ಬಂದವರ ಫೋನ್ ಬಿಚ್ಚಿ ನೋಡಿದರೆ, ಗಡುವು ಮಾತ್ರ ಇರುತ್ತದೆ, ಗಂಟೆ ಇರುವುದೇ ಇಲ್ಲ. ಎಷ್ಟೋ ಸಲ ಹೀಗಾಗಿದೆ. ಹಾಗಂತ ಎಲ್ಲದಕ್ಕೂ ಗಂಟೆ ಕಟ್ಟಬೇಡಿ. ದಿನಕ್ಕೆ ಹತ್ತು ಹದಿನೈದು ಸಲ ಟಣ್ ಅಂದರೆ ಮೂರನೇ ದಿನಕ್ಕೆ ಕೈ ತಾನಾಗಿ ಪಕ್ಕಕ್ಕೆ ಸರಿಸುತ್ತದೆ, ಕಣ್ಣು ಓದುವುದೂ ಇಲ್ಲ. ಆ ಹೊತ್ತಿಗೇ ಆಗಬೇಕಾದ ಕೆಲಸಕ್ಕೆ ಮಾತ್ರ ಗಂಟೆ ಇರಲಿ. ಉಳಿದವು ಸುಮ್ನೆ ಪಟ್ಟಿಯಲ್ಲಿ ಕೂತಿರಲಿ.

ಆ್ಯಪ್ ಕೈಬಿಡಲು ಎರಡನೇ ಕಾರಣ, ಒಳಗೆ ಹಾಕುವ ಕಷ್ಟ. ಇದನ್ನು ಯಾರೂ ಕಷ್ಟ ಅಂತ ಗುರುತಿಸುವುದೇ ಇಲ್ಲ, ಅಷ್ಟು ಸಣ್ಣದು. ಮೆಟ್ಟಿಲು ಇಳಿಯುತ್ತಾ ಇದ್ದೀರಿ, ಒಂದು ಕೈಯಲ್ಲಿ ಚೀಲ. ಮೆಟ್ಟಿಲಿನ ಬಲ್ಬ್ ಸುಟ್ಟುಹೋಗಿದೆ, ತರಬೇಕು ಅಂತ ಹೊಳೆಯಿತು. ಈಗ ಎಣಿಸಿ: ಫೋನಿನ ಬೀಗ ತೆಗೆಯಬೇಕು, ಆ್ಯಪ್ ಹುಡುಕಬೇಕು, ಅದು ತೆರೆಯುವ ತನಕ ಕಾಯಬೇಕು, ಸರಿಯಾದ ಪಟ್ಟಿಗೆ ಹೋಗಬೇಕು, ಕೂಡಿಸುವ ಗುರುತು ಒತ್ತಬೇಕು, ಟೈಪ್ ಮಾಡಬೇಕು. ಕೆಲವು ಆ್ಯಪ್‌ಗಳಲ್ಲಿ ಇಷ್ಟಾದ ಮೇಲೆ ಯಾವ ಪ್ರಾಜೆಕ್ಟ್, ಯಾವ ಬಣ್ಣ, ಎಷ್ಟನೇ ಆದ್ಯತೆ ಅಂತ ಬೇರೆ ಕೇಳುತ್ತದೆ. ಬಲ್ಬಿಗೆ ಆದ್ಯತೆ! ಅಷ್ಟರಲ್ಲಿ ಕೆಳಗೆ ತಲುಪಿರುತ್ತೀರಿ. "ಆಮೇಲೆ ಬರೆದರಾಯ್ತು" ಅಂದುಕೊಳ್ಳುತ್ತೀರಿ. ಆ ಆಮೇಲೆ ಯಾವತ್ತೂ ಬರುವುದಿಲ್ಲ.

ನಾನು ಆ್ಯಪ್ ಅಳೆಯುವುದು ಹೀಗೆ: ಬೀಗ ತೆಗೆದಲ್ಲಿಂದ ಬರೆದು ಮುಗಿಸುವ ತನಕ ಎಷ್ಟು ಒತ್ತು ಬೇಕು? ಟೈಪ್ ಮಾಡುವುದನ್ನು ಬಿಟ್ಟು ಮೂರು ಒತ್ತಿನೊಳಗೆ ಮುಗಿಯಬೇಕು. ಇದಕ್ಕೆ ವಿಜೆಟ್, ಅಂದರೆ ಆ್ಯಪ್ ತೆರೆಯದೆಯೇ ಪಟ್ಟಿ ತೋರಿಸುವ ಚೌಕ, ಬೇಕೇ ಬೇಕು. ಮೊದಲ ಪರದೆಯ ಮೇಲೆ ಖಾಲಿ ಜಾಗದಲ್ಲಿ ಬೆರಳು ಒತ್ತಿ ಹಿಡಿದರೆ ವಿಜೆಟ್ ಹಾಕುವ ದಾರಿ ಸಿಗುತ್ತದೆ. ಪಟ್ಟಿ ಕಣ್ಣೆದುರೇ ಇರುತ್ತದೆ, ಅಲ್ಲಿಂದಲೇ ಸೇರಿಸಬಹುದು. ನೀವು ಬಿಟ್ಟ ನಾಲ್ಕರಲ್ಲಿ ಒಂದಕ್ಕಾದರೂ ವಿಜೆಟ್ ಹಾಕಿದ್ದಿರಾ? ಇಲ್ಲದಿದ್ದರೆ ಆ್ಯಪ್ ಬದಲಿಸುವುದಕ್ಕಿಂತ ಮೊದಲು ಮಾಡಬೇಕಿದ್ದದ್ದು ಅದು. ಕಣ್ಣಿಗೆ ಬೀಳದ ಪಟ್ಟಿ ಮನಸ್ಸಿಗೂ ಬೀಳುವುದಿಲ್ಲ.

ಟೈಪ್ ಮಾಡುವುದು ಬೇಜಾರಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ. ಗೂಗಲ್‌ನ ಜಿಬೋರ್ಡ್‌ಗೆ ಕನ್ನಡ ಮಾತು ಚೆನ್ನಾಗೇ ಅರ್ಥವಾಗುತ್ತದೆ. ಮಧ್ಯೆ ಒಂದೆರಡು ಅಕ್ಷರ ತಪ್ಪಿದರೂ ಓದುವವರು ನೀವೇ ತಾನೆ? ಒಂದು ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. "ಟುಮಾರೋ 6 ಪಿಎಂ" ಅಂತ ಇಂಗ್ಲಿಷಿನಲ್ಲಿ ಬರೆದರೆ ಅದರಿಂದಲೇ ದಿನಾಂಕ ಹಿಡಿದುಕೊಳ್ಳುವ ಜಾಣತನ ಹಲವು ಆ್ಯಪ್‌ಗಳಿಗೆ ಇದೆ, ಟೊಡೊಯಿಸ್ಟ್ ಅದಕ್ಕೇ ಹೆಸರುವಾಸಿ. "ನಾಳೆ ಸಂಜೆ ಆರಕ್ಕೆ" ಅಂತ ಕನ್ನಡದಲ್ಲಿ ಬರೆದರೆ ನಾನು ಬಳಸಿ ನೋಡಿದ ಯಾವ ಆ್ಯಪೂ ಹಿಡಿದುಕೊಳ್ಳಲಿಲ್ಲ. ಅದು ಬರೀ ಅಕ್ಷರವಾಗಿ ಪಟ್ಟಿಯಲ್ಲಿ ಉಳಿಯುತ್ತದೆ. ಗಂಟೆಯನ್ನು ನೀವೇ ಕೈಯಾರೆ ಇಡಬೇಕು.

ವಾಟ್ಸಾಪ್‌ನಲ್ಲಿ ತಮಗೆ ತಾವೇ ಮೆಸೇಜ್ ಕಳಿಸಿಕೊಳ್ಳುವವರು ಬಹಳ ಜನ ಇದ್ದಾರೆ. ನಾನು ಅದನ್ನು ಹೀಗಳೆಯುವುದಿಲ್ಲ. ಬರೆಯುವ ಮಟ್ಟಿಗೆ ಅದರಷ್ಟು ಚುರುಕು ಯಾವುದೂ ಇಲ್ಲ. ಆದರೆ ಅಲ್ಲಿ ಟಿಕ್ ಇಲ್ಲ. ಮುಗಿದದ್ದೂ ಮುಗಿಯದ್ದೂ ಒಂದೇ ಹಾಗೆ ಕಾಣುತ್ತವೆ. ಅಷ್ಟು ಹೊತ್ತಿಗೆ ಯಾರೋ ಕಳಿಸಿದ ಫೋಟೋ ನೋಡಲು ಹೋಗಿ, ಬಂದ ಕೆಲಸವೇ ಮರೆತಿರುತ್ತೀರಿ.

ಉಳಿದ ಆ್ಯಪ್‌ಗಳನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. ಬೇಗ ಹೇಳಿಬಿಡುತ್ತೇನೆ. ಗೂಗಲ್ ಟಾಸ್ಕ್ಸ್ ಇವೆಲ್ಲಕ್ಕಿಂತ ಸರಳ, 2018ರಲ್ಲಿ ಬೇರೆ ಆ್ಯಪ್ ಆಗಿ ಬಂತು, ಗೂಗಲ್ ಕ್ಯಾಲೆಂಡರ್‌ನಲ್ಲೂ ಅದರ ಕೆಲಸಗಳು ಕಾಣುತ್ತವೆ. ನೀವು ಒಬ್ಬರೇ ಆಗಿದ್ದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ಮಾಮೂಲಿ ಖಾತೆಯಲ್ಲಿ ಒಂದು ಪಟ್ಟಿಯನ್ನು ಹೆಂಡತಿಯ ಜೊತೆ ಹಂಚಿಕೊಳ್ಳಲು ಅದರಲ್ಲಿ ದಾರಿ ಇಲ್ಲ. ಆ್ಯಪಲ್‌ನ ರಿಮೈಂಡರ್ಸ್ ಅವರ ಫೋನಿನಲ್ಲೇ ಇದೆ, ಚೆನ್ನಾಗಿಯೂ ಇದೆ, ಹಂಚಿಕೊಳ್ಳಲೂ ಬರುತ್ತದೆ, ಆದರೆ ಆಂಡ್ರಾಯ್ಡ್‌ಗೆ ಆ ಆ್ಯಪ್ ಇಲ್ಲ. ಥಿಂಗ್ಸ್ ಅಂತ ಒಂದಿದೆ, ನೋಡಲು ಬಹಳ ಚೆಂದ, ಅದೂ ಆ್ಯಪಲ್‌ಗೆ ಮಾತ್ರ, ಮೇಲಾಗಿ ದುಡ್ಡು ಕೊಡಬೇಕು. ಟಿಕ್‌ಟಿಕ್‌ನಲ್ಲಿ ಪಟ್ಟಿಯ ಜೊತೆ ಅಭ್ಯಾಸಗಳ ಲೆಕ್ಕ, ಕೆಲಸಕ್ಕೆ ಕೂರಿಸುವ ಗಡಿಯಾರ, ಇನ್ನೂ ಏನೇನೋ ಇದೆ. ಒಳ್ಳೆಯ ಆ್ಯಪ್. ಆದರೆ ಮೂರೇ ಕೆಲಸ ಕೇಳಿದವರಿಗೆ ಮೂವತ್ತು ಕೊಟ್ಟರೆ ಹೇಗೆ? ಟೊಡೊಯಿಸ್ಟ್ ನನಗೆ ಇಷ್ಟ, 2007ರಿಂದ ಬದುಕಿಕೊಂಡು ಬಂದಿದೆ. ಆಫೀಸಿನ ಕೆಲಸವೂ ಸೇರಿಕೊಂಡು ಪಟ್ಟಿ ದೊಡ್ಡದಾದರೆ ಆಗ ಅದರ ಕಡೆ ನೋಡಿ.

ಗೂಗಲ್ ಟಾಸ್ಕ್ಸ್ ಮೇಲೇ ಮನಸ್ಸಿದ್ದರೆ ಒಂದು ಅಡ್ಡದಾರಿ ಉಂಟು. ನಿಮ್ಮ ಸ್ವಂತದ ಕೆಲಸಕ್ಕೆ ಟಾಸ್ಕ್ಸ್, ಸಾಮಾನಿನ ಪಟ್ಟಿಗೆ ಗೂಗಲ್ ಕೀಪ್. ಕೀಪ್‌ನ ಟಿಪ್ಪಣಿಯಲ್ಲಿ ಟಿಕ್ ಹಾಕುವ ಚೌಕಗಳಿರುತ್ತವೆ, ಐಫೋನ್‌ನಲ್ಲೂ ನಡೆಯುತ್ತದೆ, ಇನ್ನೊಬ್ಬರನ್ನು ಸೇರಿಸಿಕೊಳ್ಳಬಹುದು. ಹಾಗೆ ನೋಡಿದರೆ ಸಾಮಾನಿನ ಪಟ್ಟಿ ಕೆಲಸದ ಪಟ್ಟಿಯ ಜಾತಿಗೇ ಸೇರಿದ್ದಲ್ಲ. ಅದಕ್ಕೆ ದಿನಾಂಕ ಬೇಡ, ಗಂಟೆ ಬೇಡ, ಅಂಗಡಿಯಲ್ಲಿ ನಿಂತಾಗ ತೆರೆದರೆ ಸಾಕು. ಎರಡು ಆ್ಯಪ್ ಇಟ್ಟುಕೊಳ್ಳಲು ನಿಮಗೆ ಬೇಸರ ಇಲ್ಲದಿದ್ದರೆ ಇದೂ ಚೆನ್ನಾಗಿ ನಡೆಯುತ್ತದೆ.

ಟು ಡೂನಲ್ಲಿ ಹಂಚಿಕೊಳ್ಳುವುದು ಸುಲಭ. ಪಟ್ಟಿ ತೆರೆದು ಮೇಲಿರುವ ಹಂಚುವ ಗುರುತು ಒತ್ತಿದರೆ ಒಂದು ಲಿಂಕ್ ಸಿಗುತ್ತದೆ, ಅದನ್ನು ಹೆಂಡತಿಗೆ ಕಳಿಸಿ. ಅವರು ಸೇರಿಕೊಂಡ ಮೇಲೆ ಅದೇ ಜಾಗಕ್ಕೆ ಹೋಗಿ, ಈಗಿರುವವರಿಗೆ ಮಾತ್ರ ಪ್ರವೇಶ ಅನ್ನುವ ಆಯ್ಕೆ ಆನ್ ಮಾಡಿ. ಇಲ್ಲದಿದ್ದರೆ ಆ ಲಿಂಕ್ ಯಾರ ಕೈಗೆ ಸಿಕ್ಕರೂ ಅವರು ಒಳಗೆ ಬರಬಹುದು. ಸೋಪು, ಟೂತ್‌ಪೇಸ್ಟ್ ಪಟ್ಟಿ ಯಾರು ನೋಡಿದರೇನು ಅನ್ನಬಹುದು, ಆದರೂ ಬಾಗಿಲು ಹಾಕಿಕೊಳ್ಳುವುದು ಒಳ್ಳೆಯದು. ಒಂದು ಸಲ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪಟ್ಟಿಗೆ ಏನಾದರೂ ಸೇರಿಸಿ ನೋಡಿ. ನೆಟ್‌ವರ್ಕ್ ಇಲ್ಲದ ಕಟ್ಟಡದೊಳಗೆ ಪಟ್ಟಿ ತೆರೆಯುತ್ತದೋ ಇಲ್ಲವೋ ಅಂತ ಅಲ್ಲೇ ಹೋಗಿ ಕಂಡುಕೊಳ್ಳುವುದಕ್ಕಿಂತ ಮನೆಯಲ್ಲೇ ಗೊತ್ತಾಗುವುದು ವಾಸಿ. ಅವರು ಸೇರಿಸಿದ್ದು ನಿಮಗೆ ಕಾಣಬೇಕಾದರೆ ಮಾತ್ರ ನೆಟ್ ಬೇಕು, ಅಂಗಡಿಯ ಒಳಗೆ ಹೋಗುವ ಮುಂಚೆ ಒಮ್ಮೆ ತೆರೆದು ನೋಡಿಕೊಳ್ಳಿ.

ಇನ್ನು ಕೈಬಿಡಲು ಮೂರನೇ ಕಾರಣ. ಜಾಸ್ತಿ ಜನ ಸೋಲುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ. ಪಟ್ಟಿ ಹಳಸುತ್ತದೆ. ಮೊದಲ ವಾರ ಉತ್ಸಾಹದಲ್ಲಿ ಎಲ್ಲ ಬರೆಯುತ್ತೀರಿ. ಎರಡನೇ ವಾರಕ್ಕೆ ಅರವತ್ತು ಸಾಲು. ತೆರೆದ ತಕ್ಷಣ ಮೇಲೆ ಕೆಂಪು ಕೆಂಪಾಗಿ ಹತ್ತು ತಡವಾದ ಕೆಲಸ. ಬೆಳಿಗ್ಗೆ ಎದ್ದು ಯಾರಾದರೂ ಅದನ್ನು ಇಷ್ಟಪಟ್ಟು ನೋಡುತ್ತಾರಾ? ಆ್ಯಪ್ ತೆರೆದರೆ ಬೈಸಿಕೊಂಡ ಹಾಗಾಗುತ್ತದೆ. ತೆರೆಯುವುದು ನಿಲ್ಲಿಸುತ್ತೀರಿ. ಹೊಸ ಆ್ಯಪ್ ಹಾಕಿದಾಗ ಸಿಗುವ ಖುಷಿ ಇದೆಯಲ್ಲ, ಅರ್ಧಕ್ಕರ್ಧ ಖಾಲಿ ಪಟ್ಟಿಯ ಖುಷಿ ಅದು.

ಟು ಡೂವನ್ನು ಆರಿಸಿದ್ದಕ್ಕೆ ನನ್ನ ನಿಜವಾದ ಕಾರಣ ಇಲ್ಲಿದೆ. ಅದರಲ್ಲಿ ಮೈ ಡೇ ಅಂತ ಒಂದು ಪುಟ ಇದೆ, ಸೂರ್ಯನ ಗುರುತಿನದು. ಪ್ರತಿ ರಾತ್ರಿ ಅದು ತಾನೇ ಖಾಲಿಯಾಗುತ್ತದೆ. ಮುಗಿಯದ ಕೆಲಸ ಅಳಿದುಹೋಗುವುದಿಲ್ಲ, ತನ್ನ ಮೂಲ ಪಟ್ಟಿಯಲ್ಲಿ ಭದ್ರವಾಗಿ ಇರುತ್ತದೆ. ಬೆಳಿಗ್ಗೆ ನೀವು ತೆರೆದಾಗ ಮಾತ್ರ ಹಾಳೆ ಬಿಳಿ. ದೊಡ್ಡ ಪಟ್ಟಿಯಿಂದ ಇವತ್ತಿಗೆ ಆಗುವಷ್ಟನ್ನು ನೀವೇ ಹೆಕ್ಕಿ ಅದಕ್ಕೆ ಹಾಕಿಕೊಳ್ಳಬೇಕು. ಬಲ್ಬಿನ ಗುರುತು ಒತ್ತಿದರೆ ನಿನ್ನೆಯದು, ಗಡುವು ಹತ್ತಿರ ಬಂದದ್ದು ಸೂಚಿಸುತ್ತದೆ. ಮೂರೋ ನಾಲ್ಕೋ ಹಾಕಿಕೊಳ್ಳಿ. ವಿಜೆಟ್‌ಗೂ ಇದೇ ಪುಟ ಇರಲಿ. ಅರವತ್ತು ಸಾಲಿನ ಪಟ್ಟಿ ಒಳಗೆಲ್ಲೋ ಇದ್ದುಕೊಳ್ಳಲಿ, ದಿನಾ ಅದರ ಮುಖ ನೋಡಬೇಕಾಗಿಲ್ಲ.

ಹೀಗೆ ಹೆಕ್ಕುವಾಗ ಒಂದು ವಿಚಿತ್ರ ಕಾಣುತ್ತದೆ. ಕೆಲವು ಸಾಲುಗಳನ್ನು ಕೈ ದಿನಾ ದಾಟಿಕೊಂಡು ಹೋಗುತ್ತದೆ. ನನ್ನ ಪಟ್ಟಿಯಲ್ಲಿ "ಇನ್ಶೂರೆನ್ಸ್" ಅಂತ ಒಂದೇ ಪದ ಏಳು ವಾರ ಕೂತಿತ್ತು. ಸೋಮಾರಿತನ ಅಂದುಕೊಂಡಿದ್ದೆ. ಒಂದು ದಿನ ಅದನ್ನು ಒತ್ತಿ, ಇದರಲ್ಲಿ ಮೊದಲು ಕೈ ಹಾಕಬೇಕಾದ್ದು ಯಾವುದಕ್ಕೆ ಅಂತ ಯೋಚಿಸಿದೆ. "ಬೀರುವಿನ ಮೇಲಿನ ಖಾನೆಯ ನೀಲಿ ಫೈಲಿನಿಂದ ಪಾಲಿಸಿ ನಂಬರ್ ತೆಗೆ" ಅಂತ ತಿದ್ದಿದೆ. ಅವತ್ತು ಸಂಜೆಯೇ ತೆಗೆದೆ, ಎರಡು ನಿಮಿಷದ ಕೆಲಸ. ಫೋನ್ ಮಾಡುವುದು ಮಾರನೇ ದಿನ ಆಯಿತು. "ಇನ್ಶೂರೆನ್ಸ್" ಅನ್ನುವುದು ಒಂದು ಚಿಂತೆಯ ಹೆಸರು, ಅದನ್ನು ಮಾಡುವುದು ಹೇಗೆ? ಸಾಲಿನ ಕೊನೆಗೆ ತೆಗೆ, ಕೇಳು, ಕೊಡು, ಕಳಿಸು ಅಂತ ಒಂದು ಕ್ರಿಯಾಪದ ಇದ್ದರೆ ಕೈ ಓಡುತ್ತದೆ. ಆಗ ಹೇಳಿದ ನಿದ್ದೆಯ ಪ್ರಯೋಗದಲ್ಲೂ ಬಿಡಿಸಿ ಬರೆದವರಿಗೇ ಲಾಭ ಆಗಿದ್ದು.

ಮತ್ತೆ ಮತ್ತೆ ಬರುವ ಕೆಲಸಗಳಲ್ಲೂ ಒಂದು ಸೂಕ್ಷ್ಮ ಇದೆ. ಬಾಡಿಗೆ ಕಟ್ಟುವುದು ತಿಂಗಳಿನ ಇಂತಿಷ್ಟನೇ ತಾರೀಕಿಗೆ ಬರಬೇಕು, ನೀವು ಹಿಂದಿನ ತಿಂಗಳು ಯಾವತ್ತು ಕಟ್ಟಿದಿರಿ ಅನ್ನುವುದು ಮುಖ್ಯವಲ್ಲ. ನೀರಿನ ಫಿಲ್ಟರ್ ಹಾಗಲ್ಲ. ಇಪ್ಪತ್ತು ದಿನ ತಡವಾಗಿ ಬದಲಿಸಿದರೆ ಮುಂದಿನ ಮೂರು ತಿಂಗಳನ್ನು ಬದಲಿಸಿದ ದಿನದಿಂದ ಎಣಿಸಬೇಕು. ಟೊಡೊಯಿಸ್ಟ್‌ನಲ್ಲಿ "ಎವೆರಿ" ಅನ್ನುವ ಪದದ ಕೊನೆಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಮುಗಿಸಿದ ದಿನದಿಂದ ಎಣಿಸುತ್ತದೆ. ಟಾಸ್ಕ್ಸ್.ಆರ್ಗ್ ಅನ್ನುವ ಆ್ಯಪಿನಲ್ಲೂ ಎರಡರಲ್ಲಿ ಯಾವುದು ಬೇಕು ಅಂತ ಆರಿಸಬಹುದು. ಟು ಡೂನಲ್ಲಿ ಫಿಲ್ಟರ್ ತರಹದ್ದಕ್ಕೆ ಪುನರಾವರ್ತನೆ ಹಾಕಲು ಹೋಗಬೇಡಿ. ಬದಲಿಸಿದ ದಿನವೇ ಮುಂದಿನದಕ್ಕೆ ಹೊಸ ಸಾಲು ಬರೆದುಬಿಡಿ, ತಲೆನೋವಿಲ್ಲ.

ಟಾಸ್ಕ್ಸ್.ಆರ್ಗ್ ಹೆಸರು ಬಂತಲ್ಲ, ಅದರ ಹುಟ್ಟಿನ ಕಥೆ ನಿಮಗೆ ಗೊತ್ತಿರಬೇಕು, ಯಾಕೆಂದರೆ ಆ್ಯಪ್ ಮುಚ್ಚಿಹೋದರೆ ಏನು ಗತಿ ಅನ್ನುವುದಕ್ಕೆ ಅದು ಉತ್ತರ. ಆಸ್ಟ್ರಿಡ್ ಅಂತ ಬಹಳ ಜನ ಬಳಸುತ್ತಿದ್ದ ಪಟ್ಟಿಯ ಆ್ಯಪ್ ಇತ್ತು. 2013ರಲ್ಲಿ ಯಾಹೂ ಅದನ್ನು ಕೊಂಡುಕೊಂಡು ಅದೇ ವರ್ಷ ಮುಚ್ಚಿತು. ಅದರ ಮೂಲ ಕೋಡ್ ಎಲ್ಲರಿಗೂ ಮುಕ್ತವಾಗಿದ್ದರಿಂದ ಅದರ ಮೇಲೆ ಟಾಸ್ಕ್ಸ್.ಆರ್ಗ್ ಬೆಳೆಯಿತು. ಖಾತೆಯನ್ನೇ ತೆರೆಯದೆ ಫೋನಿನೊಳಗೇ ಪಟ್ಟಿ ಇಟ್ಟುಕೊಳ್ಳಬೇಕು ಅನ್ನುವ ಆಂಡ್ರಾಯ್ಡ್ ಬಳಕೆದಾರರಿಗೆ ನಾನು ಇವತ್ತಿಗೂ ಅದನ್ನೇ ಹೇಳುವುದು. ನಿಮಗೆ ಹಂಚಿಕೆ ಬೇಕು, ಅದೂ ಐಫೋನ್ ಜೊತೆ, ಹಾಗಾಗಿ ಬೇಡ ಅಂದೆ. ಇನ್ನೊಂದು, ವಂಡರ್‌ಲಿಸ್ಟ್. ಬರ್ಲಿನ್‌ನ ಕಂಪನಿಯದು. 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2020ರ ಮೇ 6ಕ್ಕೆ ಮುಚ್ಚಿತು, ಅದರ ಜಾಗಕ್ಕೆ ಬಂದದ್ದೇ ಟು ಡೂ. ಹಳೆಯ ಪಟ್ಟಿಗಳನ್ನು ಹೊಸದಕ್ಕೆ ತಂದುಕೊಳ್ಳಲು ದಾರಿ ಮಾಡಿಕೊಟ್ಟಿದ್ದರು, ಅದು ಬೇರೆ ಮಾತು. ಆದರೆ ದೊಡ್ಡ ಕಂಪನಿ ಅಂದ ಮಾತ್ರಕ್ಕೆ ಆ್ಯಪ್ ಚಿರಾಯು ಅಲ್ಲ.

ಇದಕ್ಕೆ ಹೆದರಿ ಕೂರಬೇಕಾಗಿಲ್ಲ. ಕೆಲಸದ ಪಟ್ಟಿ ಫೋಟೋ ಆಲ್ಬಂ ತರಹ ಅಲ್ಲ. ಹೋದ ವರ್ಷದ್ದು ಯಾರಿಗೆ ಬೇಕು? ಆ್ಯಪ್ ನಾಳೆ ಮುಚ್ಚಿದರೂ ಜೀವಂತ ಇರುವ ಇಪ್ಪತ್ತು ಸಾಲನ್ನು ಇನ್ನೊಂದರಲ್ಲಿ ಟೈಪ್ ಮಾಡಲು ಹತ್ತು ನಿಮಿಷ ಸಾಕು. ತೊಂದರೆ ಆಗುವುದು ಪಟ್ಟಿಯ ಜಾಗದಲ್ಲಿ ದಾಖಲೆ ಇಟ್ಟವರಿಗೆ. ಪಾಲಿಸಿ ನಂಬರ್, ವಿಳಾಸ, ಅಳತೆ, ಪಾಸ್‌ವರ್ಡ್ ಎಲ್ಲ ಕೆಲಸದ ಸಾಲಿನ ಕೆಳಗೆ ತುರುಕಿರುತ್ತಾರೆ. ಪಾಸ್‌ವರ್ಡ್ ಅಂತೂ ಬೇಡವೇ ಬೇಡ, ಹಂಚಿಕೊಂಡ ಪಟ್ಟಿಯಲ್ಲಿ ಕೇಳಲೇಬೇಡಿ. ಪಟ್ಟಿಯಿಂದ ಎಲ್ಲವನ್ನೂ ಒಂದೇ ಸಲ ಹೊರಗೆ ತೆಗೆಯುವ ವಿಷಯದಲ್ಲಿ ಟು ಡೂ ಅಷ್ಟು ಉದಾರಿ ಅಲ್ಲ, ಗೂಗಲ್‌ನವು ಈ ವಿಷಯದಲ್ಲಿ ವಾಸಿ. ನಿಮ್ಮ ಬಳಕೆಗೆ ಅದು ಅಡ್ಡಿ ಆಗುತ್ತದೆ ಅಂತ ನನಗನ್ನಿಸುವುದಿಲ್ಲ.

ಹಾಕಿಕೊಂಡ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಬೇಡದ ಸಿದ್ಧ ಪಟ್ಟಿಗಳನ್ನು ಮರೆಮಾಡಿ. ಇಂಪಾರ್ಟೆಂಟ್, ಅಸೈನ್ಡ್ ಟು ಮಿ ತರಹದವೆಲ್ಲ ಸಾಲಾಗಿ ನಿಂತಿರುತ್ತವೆ. ಮೈ ಡೇ, ಟಾಸ್ಕ್ಸ್ (ಟು ಡೂನದೇ ಮಾಮೂಲಿ ಪಟ್ಟಿ), ಸಾಮಾನು, ಈ ಮೂರೇ ಉಳಿಯುವ ಹಾಗೆ ಮಾಡಿಕೊಳ್ಳಿ. ಟಿಕ್ ಹಾಕಿದಾಗ ಬರುವ ಟಿಂಗ್ ಸದ್ದನ್ನು ಬೇಕಾದರೆ ನಿಲ್ಲಿಸಬಹುದು. ನಾನು ನಿಲ್ಲಿಸಿಲ್ಲ, ಕೇಳಲು ಹಿತವಾಗಿದೆ.

ಹಳೆಯ ನಾಲ್ಕು ಆ್ಯಪ್‌ಗಳಿಂದ ಏನನ್ನೂ ತಂದು ಸುರಿಯಬೇಡಿ. ಇವತ್ತು ರಾತ್ರಿ ಐದು ನಿಮಿಷ ಕೂತು, ತಲೆಯಲ್ಲಿ ಈಗ ಸುತ್ತುತ್ತಿರುವುದನ್ನು ಮಾತ್ರ ಬರೆಯಿರಿ. ನಾಳೆ ಬೆಳಿಗ್ಗೆ ನೀವು ಏಳುವ ಹೊತ್ತಿಗಿಂತ ಅರ್ಧ ಗಂಟೆ ಆಮೇಲಕ್ಕೆ ಒಂದು ರಿಮೈಂಡರ್ ಇಟ್ಟು, ಫೋನನ್ನು ಚಾರ್ಜಿಗೆ ಹಾಕದೆ ಮೇಜಿನ ಮೇಲೆ ಬಿಟ್ಟು ಮಲಗಿ. ಎದ್ದ ಮೇಲೆ ಮುಟ್ಟಬೇಡಿ, ದೂರದಿಂದ ಗಡಿಯಾರ ನೋಡುತ್ತಾ ಕಾಯಿರಿ. ಸರಿಯಾದ ಹೊತ್ತಿಗೆ ಹೊಡೆದರೆ, ಇನ್ನೂ ಎರಡು ದಿನ ಹೀಗೇ ಮಾಡಿ. ಹೊಡೆಯದಿದ್ದರೆ ಆಗ ಹೇಳಿದ ಮೂರು ಸೆಟ್ಟಿಂಗ್‌ಗಳನ್ನು ಮತ್ತೆ ನೋಡಿ. ಅದಕ್ಕೂ ಬಗ್ಗದಿದ್ದರೆ ತಪ್ಪಿಸಲೇಬಾರದ ಕೆಲಸಗಳನ್ನು ಫೋನಿನ ಅಲಾರಂ ಗಡಿಯಾರಕ್ಕೇ ಒಪ್ಪಿಸಿ. ಅಲಾರಂಗೂ ಒಂದು ಹೆಸರು ಕೊಡಬಹುದು, ಮತ್ತು ಡೋಜ್ ಅದನ್ನು ತಡೆಯುವುದಿಲ್ಲ. ಹೆಂಡತಿಗೆ ಲಿಂಕ್ ಕಳಿಸುವುದು ಈ ಮೂರು ಬೆಳಗು ದಾಟಿದ ಮೇಲೆ ಇರಲಿ. ಐದನೇ ಆ್ಯಪನ್ನೂ ಬಿಡಬೇಕಾಗಿ ಬಂದರೆ ಅಷ್ಟರೊಳಗೇ ಗೊತ್ತಾಗಿರುತ್ತದೆ, ಅವರಿಗೆ ಹೊಸದೊಂದು ಖಾತೆ ತೆರೆಸಿದ ತೊಂದರೆಯಾದರೂ ತಪ್ಪುತ್ತದೆ.